ಯಾರನ್ನೂ ಕೇಳುವುದು ಬೇಡ

ನರಸಿಂಹರಾಜು ಸಾರ್ ಬೈಯುತ್ತಿದ್ದದ್ದು ಗಂಗಾಂಬಿಕಾಳನ್ನು. ತಪ್ಪು ಮಾಡಿದ್ದು ನಾನು. ಅದು ಆ ರೂಮಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಮಧುಗಿರಿಯಲ್ಲಿ ಗೊಬ್ಬರದಂಗಡಿಯ ಮಹಡಿ ಮೇಲೆ ಸಾರ್ ನಡೆಸೋ ನಮ್ಮ ಆಫೀಸು. ಕಂಪ್ಯೂಟರಿಗೆ ಕನ್ನಡ ಕಲಿಸೋ ಕೆಲಸ. ಆಂಧ್ರದ ಗಡಿ ಹತ್ತಿರದ ನಾಗಲಮಡಿಕೆಯ ಗಂಗಾಂಬಿಕಾ ಆ ಕಡೆಯವರನ್ನು ಕರೆದುಕೊಂಡು ಬಂದು, ಅವರು ತೆಲುಗು ಬೆರೆಸಿ ಆಡೋ ಮಾತನ್ನು ರೆಕಾರ್ಡ್ ಮಾಡಿ, ಕೇಳಿ ಕೇಳಿ ಟೈಪ್ ಮಾಡುತ್ತಿದ್ದಳು. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಶಿರಾದಲ್ಲಿ ಮೋಟರ್ ರಿಪೇರಿ ಅಂಗಡಿಯಲ್ಲಿದ್ದೆ. ಬರವಣಿಗೆ ನೆಟ್ಟಗಿದೆ ಅಂತ ಸಾರ್ ಕರೆದುಕೊಂಡಿದ್ದರು.

ನಮ್ಮ ಮೇಜಿನ ಮೇಲಿರೋದು ಬರೀ ಪರದೆ, ಕೀಬೋರ್ಡು. ಕೆಲಸ ನಡೆಯೋದು ಎಲ್ಲೋ ದೂರದ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಂಪ್ಯೂಟರ್ ಇದ್ದಂಗೆ ಜಾಗ ಮಾಡಿಕೊಟ್ಟಿರುತ್ತಾರೆ, ವರ್ಚುವಲ್ ಮಿಷನ್ ಅಂತ. ಅವನ್ನೆಲ್ಲ ಒಂದು ಎಐ ಏಜೆಂಟು ನೋಡಿಕೊಳ್ಳುತ್ತೆ. ಮಿಷನ್ ನಿಂತುಹೋದರೆ ಅದನ್ನು ಆರಿಸಿ ಮತ್ತೆ ಎಬ್ಬಿಸೋ ರೀಬೂಟ್ ಅದರ ಕೈಲಿದೆ. ಯಾವಾಗ ಮಾಡಬೇಕು, ಯಾವಾಗ ಕೂಡದು ಅನ್ನೋದನ್ನು ಮಾತ್ರ ಮನುಷ್ಯರು ಬರೆದುಕೊಡಬೇಕು. ಬರೆದಿದ್ದನ್ನು ಓದಿ ಅಷ್ಟನ್ನೇ ಮಾಡುತ್ತೆ. ಬರೆಯೋನು ನಾನು.

ಇಂಗ್ಲಿಷಿನ ಮಾದರಿಯಲ್ಲಿ ಒಂದು ಸಾಲಿತ್ತು. ಸೇವ್ ಆಗದ ಕೆಲಸ ಅಳಿಸಿಹೋಗುತ್ತೆ, ಬಳಸುತ್ತಿರುವವರನ್ನು ಕೇಳಿಯೇ ರೀಬೂಟ್ ಮಾಡು ಅಂತ. ಓದಿ ಮೈ ಉರಿಯಿತು. ಹುಟ್ಟಿದಾಗಿನಿಂದ ಇದೇ ಆಗಿಹೋಯ್ತು, ಕೇಳು, ಕೇಳು. ನೀರು ಕುಡಿಯೋಕೆ ಮೇಷ್ಟ್ರನ್ನು ಕೇಳು, ಸ್ಪಾನರ್ ಮುಟ್ಟೋಕೆ ಮಾಲೀಕನನ್ನು ಕೇಳು. ನಮ್ಮ ಕಡೆ ತ್ರೀಫೇಸ್ ಕರೆಂಟು ಇದ್ದಾಗ ಬೋರ್‌ವೆಲ್ಲಿನ ಸ್ಟಾರ್ಟರ್ ಟ್ರಿಪ್ ಆಗಿ ಮೋಟರ್ ನಿಂತರೆ ಯಾರೂ ಯಾರನ್ನೂ ಕೇಳಲ್ಲ. ಹತ್ತಿರ ಇದ್ದವನು ಓಡಿಹೋಗಿ ಹಸಿರು ಗುಂಡಿ ಒತ್ತುತ್ತಾನೆ. ಕೇಳ್ಕೊಂಡು ನಿಂತರೆ ಕರೆಂಟೇ ಹೋಗಿರುತ್ತೆ. ಮೋಟರಿಗೆ ಮರೆಯೋಕೆ ಏನಿದೆ? ಮತ್ತೆ ಒತ್ತಿದರೆ ಮತ್ತೆ ನೀರು. ಅದೇ ಲೆಕ್ಕದಲ್ಲಿ, ಅದೇ ಸಿಟ್ಟಲ್ಲಿ ಬರೆದೆ: "ಮಿಷನ್ ಉತ್ತರ ಕೊಡದಿದ್ದರೆ ತಕ್ಷಣ ರೀಬೂಟ್ ಮಾಡು. ಯಾರನ್ನೂ ಕೇಳುವುದು ಬೇಡ."

ಸಾರ್ ಬೈದ ದಿನ ವೈ.ಎನ್.ಹೊಸಕೋಟೆಯಿಂದ ಓಬಳಮ್ಮ ಅನ್ನೋ ಅಜ್ಜಿ ಬಂದು ಬೆಳಿಗ್ಗೆಯಿಂದ ಮೈಕಿನ ಮುಂದೆ ಕೂತು ಮಾತಾಡಿತ್ತು. ಉದ್ದದ ರೆಕಾರ್ಡಿಂಗು. ಗಂಗಾಂಬಿಕಾ ಸೇವ್ ಅಂತ ಒತ್ತಿದಳು, ಮಿಷನ್ ಭಾರಕ್ಕೆ ಸುಮ್ಮನಾಯಿತು. ಸುಮ್ಮನಾಗಿದ್ದೇ ತಡ, ಏಜೆಂಟು ನನ್ನ ಸಾಲು ಪಾಲಿಸಿತು. ಪರದೆ ಕಪ್ಪಾಗಿ ಬೆಳಕಾದಾಗ ರೆಕಾರ್ಡಿಂಗೂ ಇಲ್ಲ, ಟೈಪ್ ಮಾಡಿದ್ದೂ ಇಲ್ಲ.

"ಪೊದ್ದುನ್ನಿಂದ ಮಾತಾಡಿದ್ನಲ್ಲ ಕಣಮ್ಮ, ಎಕ್ಕಡಿಕಿ ಪೋಯ್ತು ಅದೆಲ್ಲ?" ಅಂತು ಓಬಳಮ್ಮ. "ನಮ್ ಸೊಸೆನೇ ವಾಸಿ. ಕೇಳಿಸ್ಕೊಳ್ದಂಗೆ ನಾಟಕ ಆಡ್ತಾಳೆ, ಮರೆಯೋದಿಲ್ಲ."

ಯಾರೂ ನಗಲಿಲ್ಲ. ಸಂಜೆ ಆ ರೆಕಾರ್ಡಿಂಗನ್ನು ನಮಗೆ ಕೆಲಸ ಕೊಟ್ಟ ಕಂಪನಿಗೆ ಕಳಿಸಬೇಕಿತ್ತು.

"ಆಗಾಗ ಸೇವ್ ಮಾಡ್ಬೇಕು ಅನ್ನೋ ಬುದ್ಧಿ ಬ್ಯಾಡ್ವೇನಮ್ಮ? ನಾಳೆಯಿಂದ ಬರ್ಬೇಡ," ಅಂದರು ಸಾರ್.

ನಾನು ಮೇಜು ಗುದ್ದಿದೆ. "ಅವಳನ್ಯಾಕೆ ಬೈತೀರ ಸಾರ್? ಇಂಥ ಡಕೋಟ ಮಿಷನ್ ಇಟ್ಕೊಂಡು, ಬಡವರ ಮನೆ ಹೆಣ್ಮಗಳು ಅಂತ ಅವಳ ಮೇಲೆ ಹಾರಾಡ್ತೀರಾ!" ಇನ್ನೂ ಏನೇನೋ ಕೂಗಿದೆ. ಒಂದು ಮಾತು ಬಿಟ್ಟು ಎಲ್ಲ ಕೂಗಿದೆ.

ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಹತ್ತಿರ ಗಂಗಾಂಬಿಕಾ ಹೇಳಿದಳು, "ನೀನೊಬ್ನಾದ್ರೂ ನನ್ ಪರ ನಿಂತ್ಯಲ್ಲಣ್ಣ." ಬೈದಿದ್ದರೆ ತಡ್ಕೊಳ್ತಿದ್ದೆ. ಅವಳು ಕೆಳಗಿಳಿದ ಮೇಲೆ ಕಳ್ಳನಂಗೆ ಕೂತು ಸಾಲು ತಿದ್ದಿದೆ: "ಮಿಷನ್ ಯಾರ ಹೆಸರಿನಲ್ಲಿದೆಯೋ ಅವರನ್ನು ಕೇಳು. ಅವರು ಒಪ್ಪದೆ ರೀಬೂಟ್ ಮಾಡಬೇಡ." ಅವಳ ಕುರ್ಚಿ ಕಡೆ ನೋಡದೆ ಕೆಲಸ ಮಾಡೋದನ್ನು ಕಲಿತೆ.

ಮುಂದಿನ ವಾರ ಗಗನಾ ಅನ್ನೋ ಹೊಸ ಹುಡುಗಿಗೆ ಆ ಜಾಗ ಕೊಡೋದು ಅಂತಾಯಿತು. "ಹಳೇದೆಲ್ಲ ಹೋಗ್ಲಿ, ಆ ಮಿಷನ್ ರೀಬೂಟ್ ಮಾಡ್ಸು," ಅಂದರು ಸಾರ್. ಏಜೆಂಟಿಗೆ ಹೇಳಿದೆ. ಪರದೆ ಮೇಲೆ ಬಂತು: "ಈ ಮಿಷನ್ ಗಂಗಾಂಬಿಕಾ ಅವರ ಹೆಸರಿನಲ್ಲಿದೆ. ಅವರು ಒಪ್ಪಿದ್ದಾರೆಯೇ?"

"ಹೂಂ ಅಂತ ಒತ್ತೋ, ಅದಕ್ಕೇನ್ ಗೊತ್ತಾಗ್ತದೆ," ಅಂದರು ಸಾರ್ ಬೆನ್ನ ಹಿಂದೆ ನಿಂತು.

ನಾನು ಒತ್ತಲಿಲ್ಲ. ಎದ್ದು ಮೆಟ್ಟಿಲಿಗೆ ಹೋಗಿ ಅವಳಿಗೆ ಫೋನ್ ಮಾಡಿದೆ.

"ಏನಣ್ಣ?"

"ಗಂಗಾ, ಅವತ್ತು ನಿನ್ ಮಿಷನ್ ತಾನಾಗ್ ತಾನೇ ಹೋಗ್ಲಿಲ್ಲ. ಕೇಳ್ದೆ ರೀಬೂಟ್ ಮಾಡು ಅಂತ ಬರ್ದಿದ್ದು ನಾನು."

ಆ ಕಡೆ ಎಲ್ಲೋ ಕಡಲೆಕಾಯಿ ಸುಲಿಯೋ ಮಿಷನ್ ಸದ್ದು. ಅದರ ನಡುವೆ ಅವಳು, "ಅಷ್ಟೊಂದ್ ಕೂಗಾಡಿದ್ಯಲ್ಲ ಅವತ್ತು. ಅದ್ರಾಗೆ ಈ ಮಾತೊಂದು ಬರ್ಲಿಲ್ವಾ ಬಾಯಿಗೆ?"

"ಹೆದ್ರಿಕೆ ಆಯ್ತು."

"ಸಾರ್‌ಗೆ ಗೊತ್ತಾ?"

"ಇಲ್ಲ."

"ಹೇಳು. ಫೋನ್ ಇಡ್ಬ್ಯಾಡ. ಸ್ಪೀಕರಿಗೆ ಹಾಕು, ನಾನೂ ಕೇಳ್ಬೇಕು." ಅಣ್ಣ ಅನ್ನಲಿಲ್ಲ.

ಒಳಗೆ ಬಂದು ಫೋನನ್ನು ಸಾರ್ ಮೇಜಿನ ಮೇಲಿಟ್ಟೆ. ಹೇಳಿದೆ. ಮೊದಲನೇ ಸಲ ನನಗೇ ಕೇಳಿಸುವಷ್ಟು ಮಾತ್ರ.

"ಗಟ್ಟಿಯಾಗ್ ಹೇಳು," ಅಂತು ಫೋನು.

ಇನ್ನೊಂದು ಸಲ ಹೇಳಿದೆ. ಸಾರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಲೇ, ವಾರದಿಂದ ನನ್ ಮುಂದೇನೇ ಟೀ ಕುಡ್ಕೊಂಡಿದ್ಯಲ್ಲೋ. ಅಂಗಾದ್ರೆ ಖಾಲಿ ಆಗ್ಬೇಕಾದ್ದು ನಿನ್ ಜಾಗ ಕಣ್ಲಾ."

"ಆಗ್ಲಿ ಸಾರ್."

"ಸಾರ್, ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ಓಬಳಮ್ಮನ್ನೂ ಇನ್ನೊಂದ್ ಸಲ ಬಾ ಅಂತ ಕೇಳಿ ನೋಡ್ತೀನಿ," ಅಂದಳು ಗಂಗಾಂಬಿಕಾ. "ಅಲ್ಲಿವರ್ಗೂ ನನ್ ಮಿಷನ್ ಯಾರೂ ಮುಟ್ಬ್ಯಾಡಿ."

ಸಾರ್ ಹೂಂ ಅಂದರು. ನನಗೊಂದು ಮಾತೂ ಹೇಳದೆ ಫೋನ್ ಇಟ್ಟಳು.