ಬಾಣಂತಿಯ ಮಣಿಕಟ್ಟು ನೋವು ಸೋಮಾರಿತನವಲ್ಲ

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಗು ಅಳುತ್ತಿತ್ತು. ಅಂತಿಂಥ ಅಳುವಲ್ಲ, ಬೀದಿಯ ಆ ಕೊನೆಯ ಸೈಕಲ್ ರಿಪೇರಿಯವನೂ ಕತ್ತೆತ್ತಿ ನೋಡುವಂಥ ಅಳು. ತಾಯಿ ಪಕ್ಕದಲ್ಲೇ ಕುಳಿತಿದ್ದಳು. ಆದರೂ ಎತ್ತಿಕೊಳ್ಳಲಿಲ್ಲ. ಮೆಲ್ಲಗೆ ತಟ್ಟುತ್ತಾ, "ಅಳಬೇಡ ಚಿನ್ನ, ಅಜ್ಜಿ ಬರ್ತಾರೆ" ಎನ್ನುತ್ತಿದ್ದಳು.

ಅಜ್ಜಿ ಬಂದರು. ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿಯೇ ಬಂದರು.

"ಅಲ್ಲಮ್ಮಾ, ಮಗು ಕೈಗೆ ಸಿಗೋ ಹಾಗೆ ಮಲಗಿದೆ. ಎತ್ಕೊಳ್ಳೋಕೆ ನಿನಗೇನು ಧಾಡಿ?"

"ಕೈ ನೋವು ಅತ್ತೆ."

"ಕೈ ನೋವಂತೆ! ನಾನೂ ಮೂರು ಹೆತ್ತವಳೇ. ಸೊಂಟದ ಮೇಲೊಂದು ಮಗು, ಮುಂದೆ ಮೂಟೆಗಟ್ಟಲೆ ಬಟ್ಟೆ. ನಮಗೇನು ಕೈ ಇರಲಿಲ್ವಾ?"

ಸೊಸೆ ಮಗುವನ್ನು ತಟ್ಟುತ್ತಲೇ ಇದ್ದಳು. ನೋವು ಇದ್ದದ್ದು ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ. ಡಬ್ಬಿಯ ಮುಚ್ಚಳ ತಿರುಗಿಸಿದರೆ ಚುಳ್ ಎನ್ನುತ್ತಿತ್ತು. ಒದ್ದೆ ಬಟ್ಟೆ ಹಿಂಡಿದರೆ ಕಣ್ಣಲ್ಲಿ ನೀರು. ಮೊದಮೊದಲು ಹಲ್ಲು ಕಚ್ಚಿ ಸಹಿಸಿದಳು. ಆಮೇಲೊಂದು ಬೆಳಿಗ್ಗೆ ಸ್ನಾನದ ಟಬ್ಬಿನಿಂದ ಮಗುವನ್ನು ಎತ್ತುವಾಗ ಕೈ ಸೋತುಹೋಯಿತು. ಮಗು ಜಾರಿತು! ಅವಳ ತೊಡೆ ಅಡ್ಡ ಬಂದದ್ದರಿಂದ ಏನೂ ಆಗಲಿಲ್ಲ, ಮಗು ಅಳಲೂ ಇಲ್ಲ. ಅವಳೇ ಬಾಗಿಲು ಹಾಕಿಕೊಂಡು ಅತ್ತಳು. ಯಾರಿಗೂ ಹೇಳಲಿಲ್ಲ.

ಅಂದಿನಿಂದ ಮಗುವನ್ನು ಎತ್ತಲು ಅವಳಿಗೆ ಹೆದರಿಕೆ. ಹಾಲು ಕೂಡ ಮಲಗಿಕೊಂಡೇ ಕುಡಿಸುತ್ತಿದ್ದಳು. ಅತ್ತೆ ಅದಕ್ಕೆ ಬೇರೆಯೇ ಅರ್ಥ ಕಟ್ಟಿದರು. "ಅವಳಿಗೆ ಮಗು ಅಂದ್ರೆ ಅಷ್ಟಕ್ಕಷ್ಟೇ" ಎಂದು ಪಕ್ಕದ ಮನೆಯಾಕೆಯ ಹತ್ತಿರ ಹೇಳಿದ್ದು ಗೋಡೆಯಾಚೆಯಿಂದ ಸೊಸೆಯ ಕಿವಿಗೆ ಬಿತ್ತು. ಕೈನೋವು ಒಂದು ತೂಕವಾದರೆ ಆ ಮಾತು ಇನ್ನೊಂದು ತೂಕ.

ಗಂಡ ಪಾಪ, ಒಳ್ಳೆಯವನೇ. ಆದರೆ ಇಸ್ತ್ರಿ ಅಂಗಡಿಯವರಿಗೆ ಸೊಂಟ ನೋವಿಗೂ ಹೊಟ್ಟೆ ನೋವಿಗೂ ಒಂದೇ ಮದ್ದು: ಬಟ್ಟೆ ಮಡಚಿ ಪೆಟ್ಟಿಗೆ ಒತ್ತಿ, ಬಿಸಿಬಿಸಿಯಾಗಿ ಕಟ್ಟುವುದು. ಅವನು ಹೆಂಡತಿಯ ಮಣಿಕಟ್ಟಿಗೂ ಅದನ್ನೇ ಬಿಗಿದ. ಸಾಲದ್ದಕ್ಕೆ, ಕಾಲರಿನ ಸುಕ್ಕು ತೆಗೆಯುವವನ ಹಾಗೆ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತಿಕ್ಕಿದ. ಚರ್ಮ ಕೆಂಪಾಯಿತು. ನೋವು ಹಾಗೇ ಇತ್ತು.

ಹೀಗಿರುವಾಗ ಒಂದು ದಿನ ಹತ್ತಿರದ ಆಸ್ಪತ್ರೆಯ ನರ್ಸಮ್ಮ ತನ್ನ ಬಿಳಿ ಕೋಟುಗಳನ್ನು ಒಯ್ಯಲು ಅಂಗಡಿಗೆ ಬಂದಳು. ಒಳಗಿನಿಂದ ಮಗುವಿನ ಅಳು ಕೇಳಿಸಿತು.

"ಏನು, ಹಸಿವಾ?"

"ಹಸಿವಲ್ಲ ನರ್ಸಮ್ಮಾ, ಎತ್ಕೊಳ್ಳೋರಿಲ್ಲ. ನಮ್ಮ ಮಹಾರಾಣಿಗೆ ಕೈ ನೋವಂತೆ" ಎಂದರು ಅತ್ತೆ.

ನರ್ಸಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ಸೋಪು ಹಚ್ಚಿ ಕೈ ತೊಳೆದು ಮಗುವನ್ನು ಎತ್ತಿ ಸಮಾಧಾನ ಮಾಡಿ, ಹಿಂದೆಯೇ ಬಂದು ಕುಳಿತ ಅತ್ತೆಯ ಮಡಿಲಲ್ಲಿಟ್ಟಳು. ಆಮೇಲೆ ತಾಯಿಯ ಮಣಿಕಟ್ಟನ್ನು ಮೆತ್ತಗೆ ಮುಟ್ಟಿದಳು. "ಸ್ಸ್!" ಎಂದು ಅವಳು ಕೈ ಎಳೆದುಕೊಂಡಳು.

"ಮಗೂನ ಹೇಗೆ ಎತ್ತೀಯ? ಈ ದಿಂಬು ಎತ್ತಿ ತೋರಿಸು."

ಅವಳು ಹೆಬ್ಬೆರಳುಗಳನ್ನು ಅಗಲಿಸಿ, ದಿಂಬಿನ ಎರಡು ಪಕ್ಕ ಹಿಡಿದು ಮೇಲಕ್ಕೆತ್ತಿದಳು. ನೋವಿಗೆ ಮುಖ ಕಿವುಚಿದಳು.

"ಸಿಕ್ತು ನೋಡು! ಕಂಕುಳಿಗೆ ಕೈ ಕೊಟ್ಟು ಹೀಗೆ ಎತ್ತಿದ್ರೆ ಪೂರ್ತಿ ಭಾರ ಹೆಬ್ಬೆರಳ ಮೇಲೇ ಬೀಳುತ್ತೆ. ಹೆಬ್ಬೆರಳನ್ನ ಆಡಿಸೋ ಹುರಿಗಳು ಮಣಿಕಟ್ಟಿನ ಹತ್ರ ಇಕ್ಕಟ್ಟು ಜಾಗದಲ್ಲಿ ಹಾದುಹೋಗ್ತವೆ. ಅಲ್ಲಿ ಊದಿಕೊಂಡ್ರೆ ಉಜ್ಜಿ ಉಜ್ಜಿ ನೋವು. ಪೈಜಾಮದ ಲಾಡಿ ದಪ್ಪ ಆದ್ರೆ ತೂತಲ್ಲಿ ಸಲೀಸಾಗಿ ಓಡುತ್ತಾ? ಬಾಣಂತಿಯರಲ್ಲಿ ಇದು ತುಂಬಾ ಜನಕ್ಕೆ ಆಗುತ್ತೆ. ಇವಳ ತಪ್ಪೇನಿಲ್ಲ."

"ಹಾಗಾದ್ರೆ ನನಗ್ಯಾಕೆ ಬರ್ಲಿಲ್ಲ?" ಅತ್ತೆ ಬಿಡಲಿಲ್ಲ.

"ನಿಮಗೆ ಬರ್ಲಿಲ್ಲ, ನಿಮ್ಮ ಪುಣ್ಯ. ನಿಮಗೆ ಬರ್ಲಿಲ್ಲ ಅಂತ ಇವಳಿಗೂ ಬರಬಾರ್ದು ಅಂತ ಕಾನೂನಿದ್ಯಾ? ಇರ್ಲಿ, ನನ್ನ ಬಟ್ಟೆ ಕೊಡಿ."

ಅತ್ತೆ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಕೋಟುಗಳ ರಾಶಿಯ ಕೆಳಗೆ ಎರಡೂ ಕೈ ಮೊಳಕೈವರೆಗೆ ತೂರಿಸಿ, ಎದೆಗೆ ಒರಗಿಸಿಕೊಂಡು ತಂದರು.

"ಅಲ್ಲೇ ನಿಲ್ಲಿ!" ನರ್ಸಮ್ಮ ಕೂಗಿದಳು. "ಬಟ್ಟೆನ ಯಾಕೆ ಹಾಗೆ ಎತ್ತಿದ್ರಿ? ಎರಡು ಪಕ್ಕ ಬೆರಳಲ್ಲಿ ಹಿಡಿದು ಎತ್ತಬಾರ್ದಾ?"

"ಒಳ್ಳೇ ಕಥೆ! ಹಾಗೆ ಎತ್ತಿದ್ರೆ ಮಡಿಕೆನೂ ಕೆಡುತ್ತೆ, ಸಂಜೆ ಹೊತ್ತಿಗೆ ಕೈಯೂ ಬಿದ್ದುಹೋಗುತ್ತೆ."

"ಬಟ್ಟೆಗಿರೋ ಉಪಾಯ ಮಗೂಗೆ ಯಾಕಿಲ್ಲ ಅಮ್ಮಾ?"

ಅತ್ತೆ ತಮ್ಮ ತೋಳಿನ ಮೇಲಿದ್ದ ರಾಶಿಯನ್ನೇ ನೋಡಿಕೊಂಡರು. ಸೊಸೆಗೆ ಬಟ್ಟೆಯ ರಾಶಿ ಎತ್ತುವುದನ್ನು ಕಲಿಸಿದ್ದು ಅವರೇ. ಮಗುವಿನ ವಿಷಯಕ್ಕೆ ಅದು ಇಬ್ಬರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಸೊಸೆಯ ದುಃಖದ ಕಟ್ಟೆ ಒಡೆಯಿತು. "ಅವತ್ತು ಮಗು ಕೈಯಿಂದ ಜಾರಿತ್ತು ಅತ್ತೆ. ನೆಲಕ್ಕೆ ಬೀಳಲಿಲ್ಲ, ತೊಡೆ ಮೇಲೆ ಬಿತ್ತು. ಅವತ್ತಿಂದ ಎತ್ತೋಕೇ ಭಯ. ಇಷ್ಟ ಇಲ್ಲ ಅಂತಲ್ಲ. ಎತ್ಕೊಳ್ಬೇಕು ಅಂತ ಜೀವ ಒದ್ದಾಡುತ್ತೆ."

"ಅಯ್ಯೋ ಹುಚ್ಚಿ! ನನ್ನ ಹತ್ರ ಹೇಳ್ಬಾರ್ದಿತ್ತಾ?"

"ನೋವು ಅಂದಿದ್ದನ್ನೇ ನೀವು ನಂಬಲಿಲ್ಲ."

ಅತ್ತೆ ಬಟ್ಟೆ ಕೆಳಗಿಟ್ಟರು. "ಹೌದು, ನಂಬಲಿಲ್ಲ. ನನ್ನದೇ ತಪ್ಪು" ಎಂದರು.

ನರ್ಸಮ್ಮ ಇಬ್ಬರಿಗೂ ಕಣ್ಣೊರೆಸಿಕೊಳ್ಳುವುದಕ್ಕೂ ಬಿಡುವು ಕೊಡಲಿಲ್ಲ. ಮೊದಲು ದಿಂಬಿನಲ್ಲೇ ಅಭ್ಯಾಸ ಮಾಡಿಸಿದಳು. "ಮಗು ಹತ್ರ ಬಗ್ಗು. ಒಂದು ಕೈ ತಲೆ, ಬೆನ್ನಿನ ಕೆಳಗೆ, ಇನ್ನೊಂದು ಕುಂಡೆ ಕೆಳಗೆ. ಅಂಗೈ ಮೇಲಕ್ಕೆ. ಹೆಬ್ಬೆರಳು ಬೇರೆ ಬೆರಳ ಜೊತೆಗೇ ಇರ್ಲಿ, ಮಣಿಕಟ್ಟು ಬಗ್ಗಿಸ್ಬೇಡ. ಎದೆಗೆ ತಾಗಿಸಿಕೊಂಡು ಆಮೇಲೆ ಮೇಲೇಳು."

ಹಾಲು ಕುಡಿಸುವಾಗ ಕೈ ಕೆಳಗೆ ದಿಂಬು ಇರಲಿ, ಮಗುವಿನ ಭಾರ ದಿಂಬು ಹೊರಲಿ ಎಂದಳು. ಒಂದೇ ಕೈಯಲ್ಲಿ ಮೊಬೈಲ್ ಹಿಡಿದು ಹೆಬ್ಬೆರಳು ಆಡಿಸುವುದಕ್ಕೆ ಸದ್ಯಕ್ಕೆ ರಜೆ. ಊದಿದ್ದರೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಡಬೇಕು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಂಡನ ಕಡೆ ತಿರುಗಿ, "ನೀನು ತಿಕ್ಕೋದು ನಿಲ್ಸು ಮಾರಾಯ! ಬಟ್ಟೆ ಹಿಂಡೋದು, ಮಗು ಸ್ನಾನ, ಇವೆಲ್ಲ ಸ್ವಲ್ಪ ದಿನ ನಿನ್ನ ಪಾಲು. ನಾಳೆ ಇವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಅಂಗಡಿಯಿಂದ ಸುಮ್ಮನೆ ಮಾತ್ರೆ ತಂದು ನುಂಗಿಸ್ಬೇಡ. ಹಾಲುಣಿಸ್ತಿದ್ದಾಳೆ, ಅದನ್ನ ಹೇಳಿಯೇ ಔಷಧಿ ತಗೋಬೇಕು" ಎಂದಳು. ಗಂಡ ಕಿವಿ ಕೆಂಪಾಗಿಸಿಕೊಂಡು ತಲೆಯಾಡಿಸಿದ.

ಡಾಕ್ಟರು ಹೆಬ್ಬೆರಳು ಅಲ್ಲಾಡದಂತೆ ಒಂದು ಪಟ್ಟಿ ಕೊಟ್ಟರು. ನೋವು ಮಂತ್ರ ಹಾಕಿದ ಹಾಗೆ ಮಾಯವಾಗಲಿಲ್ಲ. ವಾರಗಳು ಕಳೆದಂತೆ ನಿಧಾನವಾಗಿ ಇಳಿಯಿತು. ಸ್ನಾನ ಗಂಡನ ಪಾಲಾಯಿತು. ಮೊದಲ ದಿನ ಮಗುವಿಗಿಂತ ಅವನೇ ಹೆಚ್ಚು ಒದ್ದೆಯಾದ.

ಅದಾದ ಮೇಲೊಂದು ಮಧ್ಯಾಹ್ನ ಮಗು ಎಚ್ಚರವಾಗಿ ಅಳತೊಡಗಿತು. ಅತ್ತೆ ಓಡಿಬಂದರು. ಸೊಸೆ ಬಗ್ಗಿ, ಎರಡೂ ಕೈ ಕೆಳಗೆ ತೂರಿಸಿ, ಮಗುವನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು. ನೋವು ಚೂರು ಇತ್ತು, ಕೈ ಸೋಲಲಿಲ್ಲ. ಅಳು ನಿಂತಿತು. "ಅಬ್ಬಾ, ಅಮ್ಮ ಬೇಕಿತ್ತಂತೆ ಕಳ್ಳಂಗೆ!" ಎಂದು ಅತ್ತೆ ನಕ್ಕರು. ಆಮೇಲೆ ಪಕ್ಕದ ಮನೆಗೆ ಹೋಗಿ, ತಾವು ಅಂದು ಆಡಿದ ಮಾತು ಸುಳ್ಳೆಂದು ತಾವೇ ಹೇಳಿ ಬಂದರು.

ಓದುತ್ತಿರುವ ತಾಯಂದಿರೇ, ಮಣಿಕಟ್ಟು ನೋಯುತ್ತಿದ್ದರೆ ಹಲ್ಲು ಕಚ್ಚಿ ಕೂರಬೇಡಿ. ಎತ್ತುವ ರೀತಿ ಬದಲಿಸಿ. ನೋವು ಇಳಿಯದಿದ್ದರೆ, ಬೆರಳು ಜೋಮು ಹಿಡಿದರೆ, ಜ್ವರ ಬಂದರೆ ಅಥವಾ ಮಗುವನ್ನು ಹಿಡಿಯಲು ಕೈ ಸೋತರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಮನೆಯವರೇ, ಬಾಣಂತಿಯನ್ನು ನೋಡಲು ಬಂದವರೆಲ್ಲ ಮಗು ಹೇಗಿದೆ ಎಂದೇ ಕೇಳುತ್ತಾರೆ. ನೀವು ಇವತ್ತು ಅವಳ ಪಕ್ಕ ಕುಳಿತು, "ನಿನ್ನ ಕೈ ಹೇಗಿದೆ?" ಎಂದು ಕೇಳಿ. ಅವಳು ನೋವು ಎಂದರೆ, ನಂಬಿ.