ಒಳಗ ಯಾರದಾರ?

ಆಸ್ಪರಿಯ ವಾಗೀಶ್ ತನ್ನ ಮೊದಲ ಥ್ರಿಲ್ಲರಿನ ಮೊದಲ ದೃಶ್ಯವನ್ನು ಅಪ್ಪನ ಹತ್ತಿ ಗೋದಾಮಿನಲ್ಲಿ ತೆಗೆಯಲು ಹೊರಟ. ಸೋದರತ್ತೆ ಮಹಾಂತಮ್ಮ ಕುರ್ಚಿಯಲ್ಲಿ ಕೂತು, ಒಳಕೋಣೆಯ ಮುಚ್ಚಿದ ಬಾಗಿಲನ್ನು ಹೆದರಿ ನೋಡಬೇಕಿತ್ತು.

"ಒಳಗ ಯಾರದಾರ?" ಅಂತ ಅತ್ತೆ ಕೇಳಿದಳು.

"ಹೇಳಿದ್ರ ಸಸ್ಪೆನ್ಸ್ ಹೋಗ್ತೈತಿ ಅತ್ತಿ."

ಅತ್ತೆ ಎದ್ದುಹೋಗಿ ಚಿಲಕ ತೆಗೆದು ನೋಡಿದಳು. ಕೋಣೆ ಖಾಲಿ ಇತ್ತು. "ಯಾರೂ ಇಲ್ದ ಕೋಣಿಗೆ ನಾ ಯಾಕ ಹೆದರ್ಲಿ?" ಎಂದು ನಕ್ಕುಬಿಟ್ಟಳು. ಶೂಟಿಂಗ್ ನೋಡಲು ಕೆಲಸ ಬಿಟ್ಟು ಬಂದಿದ್ದ ಗೋದಾಮಿನ ಹಮಾಲರಿಗೆ ಬೇಜಾರಾಯಿತು.

ಅಷ್ಟರಲ್ಲಿ ಅಲ್ಲಿಗೆ ಬಂದ ವಾಗೀಶನ ಅಪ್ಪ ರೇವಣಸಿದ್ದಯ್ಯನವರಿಗೆ ಇದು ಸರಿಬರಲಿಲ್ಲ. "ಇಷ್ಟು ಮಂದಿ ಕಾದಾರ, ಒಳಗ ಒಬ್ರಾದ್ರೂ ಇರಬೇಕಲ್ಲ" ಎಂದು ತಾವೇ ಕೋಣೆಯೊಳಗೆ ಹೋಗಿ ಕೂತರು. ವಾಗೀಶ್ ಹೊರಗಿನಿಂದ ಚಿಲಕ ಹಾಕಿದ.

ಮಹಾಂತಮ್ಮನ ನಗು ಅಲ್ಲಿಗೇ ನಿಂತಿತು. ಅಣ್ಣನ ಎದುರಿಗೆ ಆಕೆ ಹುಟ್ಟಿದಾಗಿನಿಂದ ಕುರ್ಚಿ ಮೇಲೆ ಕೂತವಳಲ್ಲ. ಶಾಟಿಗಾಗಿ ಮತ್ತೆ ಕುರ್ಚಿಯಲ್ಲಿ ಕೂತವಳು, ಬಾಗಿಲು ತೆರೆದರೆ ಏನು ಗತಿ ಎಂದು ಸೆರಗು ಹಿಡಿದು ನಡುಗತೊಡಗಿದಳು. ಒಳಗೆ ರೇವಣಸಿದ್ದಯ್ಯ ಒಮ್ಮೆ ಕೆಮ್ಮಿದ್ದೇ ತಡ, ಹಮಾಲರೆಲ್ಲ ಹತ್ತಿ ಅಂಡಿಗೆಗಳ ಹಿಂದೆ ಅಡಗಿದರು. ವಾಗೀಶ್ ಕ್ಯಾಮೆರಾ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದ. ಶಾಟ್ ಮಾತ್ರ ಅದ್ಭುತವಾಗಿ ಬಂತು.

"ಮುಗೀತೇನಪಾ? ಬಾಗಿಲ ತೆಗೀರಿ" ಎಂದು ಒಳಗಿನಿಂದ ಕೂಗು ಬಂತು.

ವಾಗೀಶ್ ಅತ್ತೆಯ ಮುಖ ನೋಡಿದ, ಅತ್ತೆ ಹಮಾಲರ ಕಡೆ ನೋಡಿದಳು. ರೇವಣಸಿದ್ದಯ್ಯನವರು ಎರಡನೇ ಸಲ ಕೂಗಿದರೂ ಚಿಲಕ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.