ತೊಟ್ಟಿಲಿನ ತೂಕ

ಹದಿನೆಂಟು ಅಂತಸ್ತಿನ ಗಾಜಿನ ಕಟ್ಟಡವನ್ನು ಹೊರಗಿನಿಂದ ತೊಳೆಯುವವರು ನಿಂತು ಇಳಿಯುವ ಕಬ್ಬಿಣದ ಪೆಟ್ಟಿಗೆಗೆ ಕಂಪನಿಯ ಕಾಗದಗಳಲ್ಲಿ ಮೂರು ಪದದ ದೊಡ್ಡ ಹೆಸರಿದೆ. ಕೆಲಸದವರು ಅದನ್ನು ತೊಟ್ಟಿಲು ಎಂದೇ ಕರೆಯುವುದು. ಇಬ್ಬರು ನಿಲ್ಲುವಷ್ಟು ಜಾಗ, ಸೊಂಟದೆತ್ತರದ ಕಂಬಿ, ಎರಡು ತುದಿಗೆ ಎರಡು ಉಕ್ಕಿನ ಹಗ್ಗ. ಗಾಳಿ ಬಂದರೆ ತಾನಾಗಿ ತೂಗುತ್ತದೆ, ಜೋಗುಳ ಹಾಡುವವರು ಮಾತ್ರ ಇಲ್ಲ.

ಈ ಕಟ್ಟಡದ ತೊಟ್ಟಿಲಿನಲ್ಲಿ ಹನ್ನೊಂದು ವರ್ಷದಿಂದ ಅದೇ ಜೋಡಿ. ಒಬ್ಬ ಪೀಪಾಯಿ, ಇನ್ನೊಬ್ಬ ಕಡ್ಡಿ. ಈ ಹೆಸರು ಯಾಕೆ ಬಂತು ಎಂದು ಅವರಿಬ್ಬರನ್ನು ನೋಡಿದ ಯಾರೂ ಇದುವರೆಗೆ ಕೇಳಿಲ್ಲ.

ಜೋಡಿ ಮುರಿಯದಿರುವುದಕ್ಕೆ ಒಂದು ಕಾರಣವಿತ್ತು. ಅದು ಅವರಿಬ್ಬರಿಗಷ್ಟೇ ಗೊತ್ತು. ಮೊದಲ ವರ್ಷ ಒಂದು ದಿನ ಹನ್ನೆರಡನೇ ಅಂತಸ್ತಿನಲ್ಲಿ ಗಾಳಿ ಎದ್ದು ತೊಟ್ಟಿಲು ಗೋಡೆಗೆ ಬಡಿದಾಗ ಕಡ್ಡಿ ಕುಸಿದು ಕೂತು ಪೀಪಾಯಿಯ ಕಾಲು ತಬ್ಬಿಕೊಂಡಿದ್ದ. ಕಣ್ಣು ಬಿಡಲಿಲ್ಲ, ಕಾಲೂ ಬಿಡಲಿಲ್ಲ. ಪೀಪಾಯಿ ಒಂದು ಕೈಯಲ್ಲಿ ಗುಂಡಿ ಒತ್ತುತ್ತ, ತನ್ನ ಹೆಂಡತಿಯ ತವರಿನಲ್ಲಿ ಒಂದು ಮಂಚಕ್ಕಾಗಿ ಆದ ಜಗಳವನ್ನು ನೆಲ ಮುಟ್ಟುವವರೆಗೂ ಹೇಳುತ್ತ ಇಳಿಸಿದ. ಇಳಿದ ಮೇಲೆ ಯಾರಿಗೂ ಬಾಯಿ ಬಿಡಲಿಲ್ಲ. ಅಂದಿನಿಂದ ಕಡ್ಡಿಯದು ಒಂದೇ ಮಾತು: "ನೀನು ನಿಂತಿದ್ರೆ ತೊಟ್ಟಿಲು ಗಟ್ಟಿ ಕಣೋ." ಬೇರೆಯವರ ಜೊತೆ ಇಳಿಯಬೇಕಾಗಿ ಬಂದ ದಿನ ಅವನಿಗೆ ಜ್ವರ ಬರುತ್ತಿತ್ತು, ನಿಜವಾದ ಜ್ವರ.

ಹಾಗಿರುವಾಗ ಹೋದ ವರ್ಷ ಹೊಸ ತೊಟ್ಟಿಲು ಬಂತು. ಅದಕ್ಕೊಂದು ತೂಕದ ಯಂತ್ರ, ಕೆಂಪು ಅಂಕಿಯ ಪರದೆ. "ಇನ್ನೂರ ನಲವತ್ತು ಕಿಲೋ. ಮೇಲೆ ಹೋದ್ರೆ ಕೂಗುತ್ತೆ. ಕೂಗಿದ್ರೆ ಇಳಿಯಲ್ಲ," ಎಂದ ಮೇಸ್ತ್ರಿ. ಲೆಕ್ಕ ಸರಳವಾಗಿತ್ತು. ಕಡ್ಡಿ ಅರವತ್ತೆರಡು, ಸಾಮಾನು ಇಪ್ಪತ್ತೊಂದು, ಎರಡು ಕ್ಯಾನ್ ನೀರು ಅರವತ್ತು. ಉಳಿದದ್ದು ತೊಂಬತ್ತೇಳು. ಪೀಪಾಯಿ ಆಗ ನೂರ ನಾಲ್ಕು ಇದ್ದ.

ಎಂಟು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಹಳೇ ತೊಟ್ಟಿಲಿನಲ್ಲೇ ಇಳಿದರು. ಚಹಾದಿಂದ ಸಕ್ಕರೆ ಹೋಯಿತು, ದೊಡ್ಡ ತಟ್ಟೆ ಅಟ್ಟ ಸೇರಿತು, ಮನೆಯ ನಾಲ್ಕು ಮಹಡಿಗೆ ಲಿಫ್ಟ್ ಬಿಟ್ಟು ಮೆಟ್ಟಿಲಾಯಿತು. ದರ್ಜಿ ಕೆಲಸದ ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಪ್ರತಿ ಭಾನುವಾರ ಅವನ ತೂಕ ಬರೆದಳು. ಅವನ ಪ್ಯಾಂಟುಗಳನ್ನು ಮೂರು ಸಲ ಹಿಡಿದು ಹೊಲಿದಳು. ಕೊನೆಗೆ ತೊಂಬತ್ತಮೂರು ಬಂತು. ಹನ್ನೊಂದು ಕಿಲೋ ಇಳಿದರೂ ಪೀಪಾಯಿ ಎಂಬ ಹೆಸರು ಇಳಿಯಲಿಲ್ಲ, ಅದು ಬೇರೆ ಮಾತು.

ಆಮೇಲೆ ಬಂತು ರಜೆ. ಹೆಂಡತಿಯ ತಮ್ಮನ ಸಂಸಾರದ ಜೊತೆ ಸಮುದ್ರದ ದಂಡೆಯ ಹೋಟೆಲಿನಲ್ಲಿ ಹತ್ತು ದಿನ. ಬೆಳಗಿನ ತಿಂಡಿಯ ಮೇಜು ಮೂವತ್ತು ಅಡಿ ಉದ್ದವಿತ್ತು, ಬೇಕಾದ್ದನ್ನು ಬೇಕಾದಷ್ಟು ಬಡಿಸಿಕೊಳ್ಳಬಹುದಿತ್ತು. ಮೊದಲ ದಿನ ಪೀಪಾಯಿ ಒಂದು ಮೊಟ್ಟೆ, ನಾಲ್ಕು ಹೋಳು ಹಣ್ಣು ತಿಂದು ಸಾಧುವಿನಂತೆ ಎದ್ದ. "ರಜಕ್ಕೆ ಬಂದು ಯಾರಾದ್ರೂ ಉಪವಾಸ ಕೂರ್ತಾರಾ ಭಾವ?" ಎಂದ ಭಾವಮೈದುನ. ಎರಡನೇ ದಿನ ಒಂದು ಕೇಕು ತಟ್ಟೆಗೆ ಬಂತು. ಮೂರನೇ ದಿನ ಮೇಜಿನ ಆ ತುದಿಯಿಂದ ಈ ತುದಿಗೆ ಎರಡು ಸುತ್ತು. ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದು ತನಗೆ ತಾನೇ ಹೇಳಿಕೊಂಡು ಉಳಿದ ಏಳು ದಿನ ಮುಳುಗಿಯೇ ಇದ್ದ.

ಊರಿಗೆ ಬಂದಾಗ ಪ್ಯಾಂಟಿನ ಕೊಕ್ಕೆ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಹೊಲಿಗೆ ಬಿಚ್ಚಿಕೊಡು ಅಂತ ಮಾತ್ರ ನನ್ನ ಕೇಳ್ಬೇಡಿ. ತಕ್ಕಡಿ ಮಂಚದ ಕೆಳಗಿದೆ, ಹತ್ತಿ."

"ಭಾನುವಾರ ನೋಡೋಣ," ಎಂದ. ಭಾನುವಾರ ಬಂತು, ಹೋಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆಲ್ಲ ಕತ್ತಲೆಯೇ?

ಕತ್ತಲೆಯಲ್ಲ ಎಂದು ಸೋಮವಾರ ತೊಟ್ಟಿಲು ಕೂಗಿ ಹೇಳಿತು. ಇನ್ನೂರ ನಲವತ್ತೆರಡು. ಕಡ್ಡಿ ಸುತ್ತ ನೋಡಿ, ಒಂದು ಕ್ಯಾನನ್ನು ಬಗ್ಗಿಸಿ ತಾರಸಿಯ ಮೇಲೆ ಒಂದಿಷ್ಟು ನೀರು ಚೆಲ್ಲಿದ. ಕೂಗು ನಿಂತಿತು. "ಸಮುದ್ರದ ಉಪ್ಪು ಇನ್ನೂ ನಿನ್ನ ಮೈಯಲ್ಲಿದೆ ಅನ್ಸುತ್ತೆ. ಸ್ವಲ್ಪ ನೋಡ್ಕೋ," ಎಂದ. ಪೀಪಾಯಿ ನಕ್ಕ.

ನೀರು ಕಡಿಮೆಯಾದರೆ ಕೆಳಗಿನ ಗಾಜುಗಳು ಹಾಗೇ ಉಳಿಯುತ್ತವೆ. ಮೂರನೇ ದಿನ ಮೇಸ್ತ್ರಿ ತಾರಸಿಯ ಒದ್ದೆ ಗುರುತನ್ನೂ ನೋಡಿದ, ಪೀಪಾಯಿಯ ಹೊಟ್ಟೆಯನ್ನೂ ನೋಡಿದ.

"ಮೂರು ವಾರ ಕೊಡ್ತೀನಿ. ಕೊನೇ ದಿನ ಎರಡು ಕ್ಯಾನ್ ತುಂಬಿಸಿ, ನಾನೇ ನಿಂತು ನೋಡ್ತೀನಿ. ನಲವತ್ತು ದಾಟಿದ್ರೆ ಇವನ ಜೊತೆ ಬೇರೆ ಆಳು. ನೀನು ನೆಲಮಾಳಿಗೇಲಿ ಕಸ ಒತ್ತೋ ಯಂತ್ರದ ಹತ್ರ."

ಪೀಪಾಯಿಗೆ ನೆಲಮಾಳಿಗೆಯ ಭಯವಾಯಿತು. ಆದರೆ ಮುಖದಲ್ಲಿ ರಕ್ತ ಇಂಗಿಹೋದದ್ದು ಕಡ್ಡಿಗೆ.

ಪೀಪಾಯಿ ಅಂದೇ ಶಪಥ ಮಾಡಿದ. ಮೂರು ದಿನ ಮೆಟ್ಟಿಲು ಹತ್ತಿದ, ಮೂರು ರಾತ್ರಿ ಬರೀ ಸೂಪು ಕುಡಿದ. ನಾಲ್ಕನೇ ದಿನ ಮಂಡಿ ನೋವು ಬಂತು, ಐದನೇ ದಿನ ಬೇಕರಿ ದಾರಿಗೆ ಅಡ್ಡ ಬಂತು. ನಾಳೆಯಿಂದ ಸರಿಯಾಗಿ ಶುರು ಮಾಡೋಣ ಎಂದುಕೊಂಡ. ಹೀಗಿದ್ದರೂ ಮುಂದಿನ ಸೋಮವಾರ ತುಂಬಿದ ಕ್ಯಾನಿನ ಜೊತೆ ಪರದೆ ಇನ್ನೂರ ನಲವತ್ತೊಂದು ತೋರಿಸಿತು. ಅದರ ಮುಂದಿನ ಸೋಮವಾರ ಇನ್ನೂರ ಮೂವತ್ತೊಂಬತ್ತು.

"ನೋಡಿದ್ಯಾ? ಒಂದ್ಸಲ ಇಳಿದ ದೇಹಕ್ಕೆ ದಾರಿ ಗೊತ್ತಿರುತ್ತೆ," ಎಂದು ಪೀಪಾಯಿ ಹೊಟ್ಟೆ ತಟ್ಟಿಕೊಂಡ. ಆ ಸಂಜೆ ತನಗೆ ತಾನೇ ಒಂದು ಐಸ್ ಕ್ರೀಮ್ ಬಹುಮಾನ ಕೊಟ್ಟುಕೊಂಡ. ಮನೆಯ ತಕ್ಕಡಿ ಹತ್ತಿ ಎಂದು ಹೆಂಡತಿ ಮತ್ತೆ ಹೇಳಿದಾಗ, "ಕೆಲಸದಲ್ಲಿ ಅಷ್ಟು ದೊಡ್ಡ ತಕ್ಕಡಿ ಇರುವಾಗ ಈ ಚಿಕ್ಕದು ಯಾಕೆ?" ಎಂದ. ಫ್ರಿಜ್ಜಿನ ಹಾಳೆಯಲ್ಲಿ ಸಾಲಾಗಿ ಖಾಲಿ ಭಾನುವಾರಗಳು ಕೂತವು.

ಆ ದಿನಗಳಲ್ಲಿ ಕಡ್ಡಿ ಅಂಗಿಯ ಮೇಲೆ ದಪ್ಪನೆಯ ಸ್ವೆಟರ್ ಹಾಕಿಕೊಂಡು ಬರತೊಡಗಿದ್ದ. ಮೇಲೆ ಚಳಿ ಎಂದ. ಮಧ್ಯಾಹ್ನ ಡಬ್ಬಿ ಹಿಡಿದು ತಾರಸಿಯ ಆಚೆ ಬದಿಗೆ ಹೋಗುತ್ತಿದ್ದ. ಹಲ್ಲು ನೋವು, ನಿಧಾನ ತಿನ್ನಬೇಕು ಎಂದ. ಒಂದು ದಿನ ಪೀಪಾಯಿ ಹಿಂದೆಯೇ ಹೋದಾಗ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆಯೊಂದು ಮುಟ್ಟದೆ ಹಾಗೇ ಇತ್ತು. "ತಿನ್ನಲ್ವಾ?" ಎಂದು ಕೇಳಿದ. ಕಡ್ಡಿ ಒಂದು ಗಳಿಗೆ ಮೊಟ್ಟೆಯನ್ನು ನೋಡಿ, ಆಮೇಲೆ ಪೀಪಾಯಿಯನ್ನು ನೋಡಿ, "ತಗೋ," ಎಂದ. ಪೀಪಾಯಿ ತಿಂದ. ಉಪ್ಪು ಸ್ವಲ್ಪ ಕಡಿಮೆ ಎಂದೂ ಹೇಳಿದ.

ಮೂರನೇ ಸೋಮವಾರ ಇನ್ನೂರ ಮೂವತ್ತೇಳು.

ಪರೀಕ್ಷೆಗೆ ಹಿಂದಿನ ದಿನ ಬಿಸಿಲು ಸುಡುತ್ತಿತ್ತು. ಹದಿನಾಲ್ಕನೇ ಅಂತಸ್ತಿನ ಗಾಜಿನ ಮೇಲೆ ಕಡ್ಡಿಯ ರಬ್ಬರ್ ಪಟ್ಟಿ ಅರ್ಧಕ್ಕೆ ನಿಂತಿತು. ಪೀಪಾಯಿ ತಿರುಗಿ ನೋಡುವಷ್ಟರಲ್ಲಿ ಅವನ ಮಂಡಿ ಮಡಿಚಿತ್ತು.

"ಏಯ್, ಗಾಳಿನೇ ಇಲ್ವಲ್ಲೋ!"

ಪೀಪಾಯಿ ಅವನನ್ನು ಬಾಚಿ ಹಿಡಿದು ಕೂರಿಸಿ, ಸೆಕೆಗೆ ಹೀಗಾಯಿತೆಂದು ಸ್ವೆಟರಿನ ಜಿಪ್ಪನ್ನು ಸೊಂಟದವರೆಗೆ ಎಳೆದ. ಪ್ರತಿ ಬೆಳಗ್ಗೆ ತೊಟ್ಟಿಲು ಹತ್ತುವ ಮುನ್ನ ಒಬ್ಬರ ಸುರಕ್ಷಾ ಪಟ್ಟಿಯನ್ನು ಇನ್ನೊಬ್ಬರು ಎಳೆದು ನೋಡುವುದು ಅವರ ಕೆಲಸದ ಕಟ್ಟಳೆ. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಕಷ್ಟಪಟ್ಟು ಹೋಗಬೇಕು. ಈ ಮೂರು ವಾರ ಪೀಪಾಯಿ ಎಳೆದು ನೋಡಿದ್ದು ಸ್ವೆಟರಿನ ಮೇಲಿನಿಂದ. ಈಗ ಪಟ್ಟಿಗೂ ಅಂಗಿಗೂ ನಡುವೆ ಅವನ ಇಡೀ ಅಂಗೈ ತೂರಿತು. ಕುತ್ತಿಗೆಯ ಕೆಳಗಿನ ಮೂಳೆ ಕೋಟಿನ ಹ್ಯಾಂಗರಿನಂತೆ ಎದ್ದು ಕಾಣುತ್ತಿತ್ತು.

ಗಾಜಿನ ಒಳಗೆ ಆಫೀಸಿನ ಹೆಂಗಸೊಬ್ಬಳು ಗಾಬರಿಯಿಂದ ಎದ್ದು ಬಂದು ಬಿಸ್ಕತ್ತಿನ ಪೊಟ್ಟಣವನ್ನು ಎತ್ತಿ ಹಿಡಿದು ತೋರಿಸಿದಳು. ಆ ಕಿಟಕಿಗಳು ತೆರೆಯುವಂಥವಲ್ಲ.

"ಎಷ್ಟು ದಿನದಿಂದ?" ಪೀಪಾಯಿ ಕೇಳಿದ.

"ಮೇಸ್ತ್ರಿ ಹೇಳಿದ ದಿನದಿಂದ. ರಾತ್ರಿ ಸ್ವಲ್ಪ ತಿಂತೀನಿ."

"ನಂಗೆ ಬೈಯೋಕೆ ಏನಾಗಿತ್ತೋ ನಿಂಗೆ?"

"ಹೇಳ್ದೆ. ನೀನು ನಕ್ಕೆ. ನಿನ್ನ ಬಾಯಿ ನನ್ನ ಕೈಲಿದ್ಯಾ? ನನ್ನ ಬಾಯಿ ಮಾತ್ರ ನನ್ನ ಕೈಲಿರೋದು." ಕಡ್ಡಿ ಕಣ್ಣು ಮುಚ್ಚಿದ. "ಬೇರೆಯವರ ಜೊತೆ ನಾನು ಇಳಿಯಲ್ಲ ಕಣೋ. ಆಗಲ್ಲ ನನ್ನಿಂದ."

ಪೀಪಾಯಿಗೆ ಆ ಮೊಟ್ಟೆ ನೆನಪಾಯಿತು. ನಾಚಿಕೆ ಎಂದರೆ ಏನೆಂದು ಐವತ್ತರ ಹತ್ತಿರದ ವಯಸ್ಸಿನಲ್ಲಿ ಅವನಿಗೆ ಮೊದಲ ಸಲ ಸರಿಯಾಗಿ ತಿಳಿಯಿತು. ತೊಟ್ಟಿಲನ್ನು ನೆಲಕ್ಕಿಳಿಸುವ ದಾರಿಯುದ್ದಕ್ಕೂ, ಮಾತಿನ ಮಲ್ಲನಾದವನು ಒಂದು ಮಾತನ್ನೂ ಆಡಲಿಲ್ಲ.

ಕಡ್ಡಿಗೆ ಎರಡು ಲೋಟ ಸಿಹಿ ಚಹಾ ಕುಡಿಸಿ, ರೊಟ್ಟಿ ತಿನ್ನಿಸಿ, ಪಕ್ಕದ ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಐವತ್ತೇಳು. ಆಮೇಲೆ ತಾನು ಹತ್ತಿದ. ತೊಂಬತ್ತೊಂಬತ್ತು. ಆರಕ್ಕೇರಿರಲಿಲ್ಲ, ಮೂರಕ್ಕಿಳಿದಿರಲಿಲ್ಲ. ಐದು ಕಿಲೋ ಇಳಿದದ್ದೆಲ್ಲ ಕಡ್ಡಿಯ ಮೈಯಿಂದ.

ಮನೆಯಲ್ಲಿ ಎಲ್ಲವನ್ನೂ ಹೇಳಿದ. ಹೆಂಡತಿ ಕತ್ತರಿ ಕೆಳಗಿಟ್ಟಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಆ ಪಾಪದ ಎಮ್ಮೆ ತಾನೇ ಹೋಗಿ ಬರೆ ಹಾಕಿಸ್ಕೊಂಡಿದೆ, ನೋಡಿ."

"ಎಂಟು ತಿಂಗಳದ್ದು ಹತ್ತು ದಿನದಲ್ಲಿ ಹಾಳು ಮಾಡ್ಕೊಂಡೆ."

"ಸುಳ್ಳು. ಹತ್ತು ದಿನದಲ್ಲಿ ಬಂದದ್ದು ಆರು ಕಿಲೋ. ಇಳಿಸಿದ್ದು ಹನ್ನೊಂದು. ಇನ್ನೂ ಐದು ನಿಮ್ಮ ಕೈಲೇ ಇತ್ತು. ತಿಂದದ್ದು ತಪ್ಪಲ್ಲ, ತಿಂದ ಮೇಲೆ ತಕ್ಕಡಿ ನೋಡದೆ ತಿರುಗಿದ್ದು ತಪ್ಪು." ಪೆನ್ನು ತಂದು ಅವನ ಕೈಗೆ ಕೊಟ್ಟಳು. ಆ ದಿನ ಭಾನುವಾರವಲ್ಲದಿದ್ದರೂ ಪೀಪಾಯಿ ಫ್ರಿಜ್ಜಿನ ಹಾಳೆಯಲ್ಲಿ ತೊಂಬತ್ತೊಂಬತ್ತು ಎಂದು ಬರೆದ. ದೊಡ್ಡ ತಟ್ಟೆ ಮತ್ತೆ ಅಟ್ಟಕ್ಕೆ ಹೋಯಿತು.

ಮರುದಿನ ಮೇಸ್ತ್ರಿಯ ಎದುರಿಗೆ ಇಬ್ಬರೂ ತುಂಬಿದ ಕ್ಯಾನುಗಳ ಜೊತೆ ತೊಟ್ಟಿಲು ಹತ್ತಿದರು. ಇನ್ನೂರ ಮೂವತ್ತೇಳು.

"ಭಲೇ! ಮಾಡಿ ತೋರಿಸ್ದೆ ಬಿಡು," ಎಂದು ಮೇಸ್ತ್ರಿ ಸಹಿ ಹಾಕಲು ಪೆನ್ನು ತೆಗೆದ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಡ್ಡಿ ಸುಮ್ಮನಿರು ಎಂದು ಕಣ್ಣಿನಲ್ಲೇ ಬೇಡಿಕೊಂಡ.

"ಮೇಸ್ತ್ರಿ, ಇಳಿದದ್ದು ನಾನಲ್ಲ," ಎಂದ ಪೀಪಾಯಿ. "ಇವನ ಸ್ವೆಟರ್ ತೆಗೆಸಿ ನೋಡಿ."

ಮೇಸ್ತ್ರಿ ನೋಡಿದ. ಅವನು ಕೂಗಾಡಿದ್ದು ಮೂರು ಅಂತಸ್ತು ಕೆಳಗಿನವರೆಗೂ ಕೇಳಿಸಿತು. ಹೊಟ್ಟೆಗಿಲ್ಲದವನು ಮೇಲಿಂದ ಬಿದ್ದಿದ್ದರೆ ಯಾರು ಜವಾಬ್ದಾರಿ ಎಂದು ಕೇಳಿದ. ಬೇರೆಯವರ ಜೊತೆ ಇಳಿಯಲು ಇವನಿಗೇನು ರೋಗ ಎಂದೂ ಕೇಳಿದ.

"ನನ್ನ ಹರಟೆ ಇಲ್ದೆ ಇವನಿಗೆ ಕೈ ಆಡಲ್ಲ," ಎಂದು ಪೀಪಾಯಿ ಹೇಳಿದ. ಹನ್ನೊಂದು ವರ್ಷ ಮುಚ್ಚಿಟ್ಟದ್ದನ್ನು ಅಂದೂ ಮುಚ್ಚಿಟ್ಟ. "ನೀರೂ ತೂಕವೇ ಅಲ್ವಾ? ನಲವತ್ತರೊಳಗೆ ಎಷ್ಟು ಬರುತ್ತೋ ಅಷ್ಟೇ ತುಂಬಿಸ್ಕೋತೀವಿ. ಉಳಿದ ಗಾಜಿಗೆ ನಮ್ಮ ಊಟದ ಹೊತ್ತಿನಲ್ಲಿ ಇನ್ನೊಂದು ಸಲ ಇಳಿತೀವಿ. ಎರಡು ತಿಂಗಳು ಕೊಡಿ."

"ಊಟದ ಹೊತ್ತು ಮುಟ್ಟಬೇಡ. ಇವನು ತಿನ್ನಬೇಕು," ಎಂದು ಮೇಸ್ತ್ರಿ ಪೆನ್ನು ಜೇಬಿಗಿಟ್ಟ. "ಸಂಜೆ ಇಳೀರಿ. ಒಂದು ವಾರ ಇವನು ನೆಲದ ಮೇಲೇ ಇರ್ಲಿ. ಎರಡು ತಿಂಗಳು. ಆಮೇಲೆ ನಾನು ಒಂದು ಮಾತೂ ಕೇಳಲ್ಲ."

ಆ ಎರಡು ತಿಂಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೆಟ್ಟಿಲು, ಚಿಕ್ಕ ತಟ್ಟೆ, ಸಕ್ಕರೆ ಇಲ್ಲದ ಚಹಾ. ನಡುವೆ ಒಂದು ಮದುವೆ ಊಟದಲ್ಲಿ ಪೀಪಾಯಿ ಕೈ ಮೀರಿ ತಿಂದ. ಭಾನುವಾರದವರೆಗೆ ಕಾಯದೆ ಮರುದಿನವೇ ತಕ್ಕಡಿ ಹತ್ತಿದ, ಹೆಚ್ಚಾದ ಅಂಕಿಯನ್ನು ಹಾಳೆಯಲ್ಲಿ ಬರೆದ, ಮತ್ತೆ ಮೆಟ್ಟಿಲು ಹತ್ತಿದ. ದಿನಾ ಮಧ್ಯಾಹ್ನ ಮಾತ್ರ ಕಡ್ಡಿಯ ಎದುರಿಗೇ ಕೂತು, ಅವನು ಇಡೀ ಮೊಟ್ಟೆ ನುಂಗುವವರೆಗೂ ಕಾವಲುಗಾರನಂತೆ ಬಾಯಿ ನೋಡುತ್ತಿದ್ದ. ಸಾಕು ಎಂದರೆ ಬಿಡುತ್ತಿರಲಿಲ್ಲ.

ಗಡುವಿನ ದಿನ ಎರಡು ಕ್ಯಾನ್ ತುಂಬಿಸಿದರು. ಕಡ್ಡಿ ಹತ್ತಿದ, ಪೀಪಾಯಿ ಹತ್ತಿದ. ಮೇಸ್ತ್ರಿ ಪರದೆಯತ್ತ ಬಗ್ಗಿದ.

"ಎರಡು ತಿಂಗಳು ಒದ್ದಾಡಿ ಮತ್ತೆ ಅದೇ ಇನ್ನೂರ ಮೂವತ್ತೇಳಾ?" ಎಂದ. ಆಮೇಲೆ ಅವನೇ ನಕ್ಕು ಸಹಿ ಹಾಕಿ ಹೊರಟುಹೋದ.

ಇಳಿಯುವ ಮುನ್ನ ಪೀಪಾಯಿ ಕಟ್ಟಳೆಯಂತೆ ಕಡ್ಡಿಯ ಪಟ್ಟಿಗೆ ಕೈ ಹಾಕಿದ. ಸ್ವೆಟರ್ ಇರಲಿಲ್ಲ. ಎರಡು ಬೆರಳು ತೂರಿಸಲು ನೋಡಿದ, ಒಂದೇ ಹೋಯಿತು. ಅವನ ಕಣ್ಣು ತುಂಬಿ ಬಂತು. ಇನ್ನೊಮ್ಮೆ ನೋಡಿದ, ಆಗಲೂ ಒಂದೇ.

"ಬಿಗಿಯಾಗಿದೆ, ಸಡಿಲ ಮಾಡ್ಕೋ," ಎಂದ.

ಕಡ್ಡಿ ಅವನ ಪಟ್ಟಿಯನ್ನು ಹಿಡಿದು ಎಳೆದು ನೋಡಿದ. "ನಿಂದು ಸಡಿಲ ಆಗಿದೆ. ಬಿಗಿ ಮಾಡ್ಕೋ," ಎಂದು ಗುಂಡಿ ಒತ್ತಿದ.